ಬಾಗಿಲ ಹಿಂದಿನ ಟವಲು: ಚಳಿಗಾಲದ ನೆಗಡಿ, ಗಂಟಲು ನೋವು ತಡೆಯಲು ನಾನು ಹಾಸ್ಟೆಲಿನಲ್ಲಿ ಕಲಿತದ್ದು

ನಮ್ಮ ಹಾಸ್ಟೆಲಿನ ಊಟದ ಹಾಲಿನ ಬಾಗಿಲ ಹಿಂದೆ ಒಂದು ಮೊಳೆ, ಮೊಳೆಗೆ ಒಂದು ಟವಲು. ಕೈ ತೊಳೆದು ಬಂದ 58 ಹುಡುಗಿಯರೂ ಅದಕ್ಕೇ ಕೈ ಒರೆಸುತ್ತಿದ್ದರು. ಬಾಯಿಯನ್ನೂ ಅದಕ್ಕೇ. ಚಳಿಗೆ ಮೂಗು ಸೋರಿದರೆ, ಯಾರೂ ನೋಡದ ಹೊತ್ತಲ್ಲಿ ಮೂಗನ್ನೂ ಅದಕ್ಕೇ ಒತ್ತುತ್ತಿದ್ದರು. ರಾತ್ರಿ ಊಟ ಮುಗಿಯುವಷ್ಟರಲ್ಲಿ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ. ಸಕಲೇಶಪುರದ ಡಿಸೆಂಬರಿನಲ್ಲಿ ಅದು ಬೆಳಗಾದರೂ ಒಣಗುತ್ತಿರಲಿಲ್ಲ. ತಿಂಡಿಗೆ ಮತ್ತೆ ಅದೇ ಟವಲು.

ಆ ಹೆಣ್ಣುಮಕ್ಕಳ ಹಾಸ್ಟೆಲಿಗೆ ನಾನು 14 ವರ್ಷ ವಾರ್ಡನ್ ಆಗಿದ್ದೆ. ಐದನೇ ಕ್ಲಾಸಿನಿಂದ ಹತ್ತರವರೆಗಿನ ಮಕ್ಕಳು. ಹೆಚ್ಚಿನವರ ಅಪ್ಪ ಅಮ್ಮ ಕಾಫಿ ತೋಟದಲ್ಲಿ ಕೆಲಸ ಮಾಡುವವರು. ನನ್ನ ಎರಡನೇ ಚಳಿಗಾಲದಲ್ಲಿ ಹನ್ನೆರಡು ದಿನದೊಳಗೆ 31 ಮಕ್ಕಳು ನೆಗಡಿ, ಗಂಟಲು ನೋವು ಅಂತ ಮಲಗಿದರು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪ್ರಿಪರೇಟರಿ ಪರೀಕ್ಷೆ ಎದುರಿಗಿತ್ತು. ನಾನು ಮಂಜನ್ನು ದೂರಿದೆ, ಮೊಸರನ್ನು ದೂರಿದೆ. ಮಜ್ಜಿಗೆ ನಿಲ್ಲಿಸಿದೆ, ತಲೆಸ್ನಾನ ವಾರಕ್ಕೆ ಒಂದೇ ಸಲ ಅಂದೆ, ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿಸಿದೆ. ಮಾರನೇ ವರ್ಷವೂ ಹೆಚ್ಚುಕಡಿಮೆ ಅಷ್ಟೇ ಮಕ್ಕಳು ಮಲಗಿದರು.

ಆಗ ತಪಾಸಣೆಗೆ ಬಂದ ಡಾಕ್ಟರು ಮಕ್ಕಳನ್ನು ನೋಡುವ ಮೊದಲು ಆ ಟವಲನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. "ಇದನ್ನ ಯಾವಾಗ ಒಗೀತೀರಾ ಮೇಡಂ? ಆರು ನಲ್ಲಿಗೆ ಎಷ್ಟು ಸೋಪು ಇಡ್ತೀರಾ? ರಾತ್ರಿ ಯಾವ ಕಿಟಕಿ ತೆಗೆದಿರುತ್ತೆ?" ಮೂರಕ್ಕೂ ನನ್ನ ಹತ್ತಿರ ಹೇಳಿಕೊಳ್ಳುವಂಥ ಉತ್ತರ ಇರಲಿಲ್ಲ. ಅವತ್ತಿನಿಂದ ಒಂದೊಂದಾಗಿ ಬದಲಾಯಿಸುತ್ತಾ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಾಸ್ಟೆಲಿಗೆ ಮಾಡಿದ್ದಾದರೂ ಅಜ್ಜಿ, ಮೊಮ್ಮಕ್ಕಳು, ಶಾಲೆಗೆ ಹೋಗುವವರು, ಬಸ್ಸಿನಲ್ಲಿ ಓಡಾಡುವವರು ಎಲ್ಲರೂ ಇರುವ ಯಾವ ಮನೆಗೂ ಹೊಂದುತ್ತದೆ. ನೆಗಡಿ ಪೂರ್ತಿ ನಿಲ್ಲುವುದಿಲ್ಲ. ಆ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಾನು ಬಿಟ್ಟು ಬರುವ ವರ್ಷದ ಡಿಸೆಂಬರಿನಲ್ಲಿ ಮಲಗಿದ್ದು ಒಂಬತ್ತು ಮಕ್ಕಳು. ಅದೂ ಒಟ್ಟಿಗಲ್ಲ.

ನೆಗಡಿ ಎಲ್ಲಿಂದ ಬರುತ್ತದೆ

ನೆಗಡಿ ಬರುವುದು ಇನ್ನೊಬ್ಬರ ಮೂಗಿನಿಂದ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು. ನೆಗಡಿ ತರುವ ವೈರಸ್‌ಗಳಲ್ಲಿ ಮುಖ್ಯವಾದದ್ದು ರೈನೋವೈರಸ್. ಅದರಲ್ಲೇ ನೂರಕ್ಕೂ ಹೆಚ್ಚು ಬಗೆ. ಒಂದು ಬಗೆಯನ್ನು ಮೈ ಗುರುತು ಹಿಡಿದು ಗೆಲ್ಲುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಅದಕ್ಕೇ ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ, ಚಿಕ್ಕ ಮಕ್ಕಳಿಗೆ ಆರರಿಂದ ಎಂಟು ಸಲ ನೆಗಡಿಯಾದರೂ ಆ ಮಗು "ವೀಕು" ಅಂತ ಅರ್ಥವಲ್ಲ.

ನೆಗಡಿಯಾದವಳು ಮೂಗು ಒರೆಸಿಕೊಂಡ ಕೈಯಲ್ಲೇ ನಲ್ಲಿ ತಿರುಗಿಸುತ್ತಾಳೆ, ಪಕ್ಕದವಳ ಪೆನ್ನು ತೆಗೆದುಕೊಳ್ಳುತ್ತಾಳೆ. ಅದನ್ನು ಮುಟ್ಟಿದ ಮತ್ತೊಬ್ಬಳು ಕಣ್ಣು ಉಜ್ಜುತ್ತಾಳೆ ಅಥವಾ ಮೂಗು ತುರಿಸಿಕೊಳ್ಳುತ್ತಾಳೆ. ಅಲ್ಲಿಗೆ ದಾಟಿತು. ಇನ್ನೊಂದು ದಾರಿ ಗಾಳಿಯದು. ಮುಚ್ಚಿದ ಕೋಣೆಯಲ್ಲಿ ಒಬ್ಬಳು ಕೆಮ್ಮಿದ್ದು, ಸೀನಿದ್ದು, ಸುಮ್ಮನೆ ಉಸಿರಾಡಿದ್ದೂ ಉಳಿದವರ ಮೂಗಿಗೆ ಹೋಗುತ್ತದೆ. ಹೊಕ್ಕ ಮೇಲೆ ಒಂದರಿಂದ ಮೂರು ದಿನದಲ್ಲಿ ಮೂಗು ಸೋರಲು ಶುರು. ಸೋರುವ ಮೊದಲ ಎರಡು ಮೂರು ದಿನವೇ ಬೇರೆಯವರಿಗೆ ಹೆಚ್ಚು ಹರಡುವ ಹೊತ್ತು.

ಹಾಗಾದರೆ ಚಳಿಯದು ಏನೂ ಇಲ್ಲವೇ ಅಂದರೆ, ಇದೆ. "ಚಳೀಲಿ ಓಡಾಡಬೇಡ" ಅನ್ನುವ ಅಜ್ಜಿಯ ಮಾತು ಪೂರ್ತಿ ಸುಳ್ಳಲ್ಲ. ಮೈಯ ಬಿಸಿ 37 ಡಿಗ್ರಿ ಇದ್ದರೆ ಮೂಗಿನ ಒಳಗೆ ಅದು 33ರ ಆಸುಪಾಸು. ಈ ವೈರಸ್ ಚೆನ್ನಾಗಿ ಬೆಳೆಯುವುದು ಆ ತಣ್ಣಗಿನ ಜಾಗದಲ್ಲೇ. ಅದಕ್ಕಿಂತ ದೊಡ್ಡ ಕಾರಣ ನಾವು ಮಾಡಿಕೊಳ್ಳುವುದು. ಚಳಿ ಬಂತೆಂದು ಕಿಟಕಿ ಮುಚ್ಚುತ್ತೇವೆ, ಒತ್ತಿಕೊಂಡು ಮಲಗುತ್ತೇವೆ, ತಣ್ಣೀರು ಅಂತ ಕೈ ತೊಳೆಯುವುದಿಲ್ಲ. ಸ್ವೆಟರು, ಕುಲಾವಿ ಖಂಡಿತ ಹಾಕಿ. ಆದರೆ ಕುಲಾವಿ ಹಾಕಿದ ಮಗುವಿನ ಕೈ ತೊಳೆಸದಿದ್ದರೆ ಪ್ರಯೋಜನ ಅರ್ಧವೂ ಇಲ್ಲ.

ಕೈ, ಸೋಪು, ಒರೆಸುವ ಬಟ್ಟೆ

"ಮುಖ ಮುಟ್ಟಿಕೊಳ್ಳಬೇಡಿ" ಅಂತ ಮಕ್ಕಳಿಗೆ ಹೇಳಿ ಹೇಳಿ ನಾನು ಸೋತಿದ್ದೇನೆ. ಆಸ್ಟ್ರೇಲಿಯಾದಲ್ಲಿ ಮೆಡಿಕಲ್ ವಿದ್ಯಾರ್ಥಿಗಳು ಪಾಠ ಕೇಳುತ್ತಾ ಕೂತಿದ್ದಾಗ ವಿಡಿಯೋ ಮಾಡಿ ಎಣಿಸಿದರೆ, ಒಬ್ಬೊಬ್ಬರೂ ಗಂಟೆಗೆ ಸರಾಸರಿ 23 ಸಲ ಮುಖ ಮುಟ್ಟಿಕೊಂಡಿದ್ದರಂತೆ. ಅದರಲ್ಲಿ ಅರ್ಧಕ್ಕೆ ಹತ್ತಿರ ಕಣ್ಣು, ಮೂಗು, ಬಾಯಿ. ಡಾಕ್ಟರಾಗುವವರ ಕಥೆಯೇ ಹೀಗಿದ್ದರೆ ಆರನೇ ಕ್ಲಾಸಿನ ಹುಡುಗಿ ಏನು ಮಾಡಿಯಾಳು? ಕೈ ಮುಖಕ್ಕೆ ಹೋಗಿಯೇ ಹೋಗುತ್ತದೆ. ಹೋಗುವ ಕೈ ಶುಚಿಯಾಗಿರಲಿ, ಅಷ್ಟನ್ನು ನೋಡಿಕೊಳ್ಳಬಹುದು.

ಗಂಟೆ ನೋಡಿ ಕೈ ತೊಳೆಸುವುದು ನಡೆಯಲಿಲ್ಲ. ಕೆಲಸಕ್ಕೆ ಗಂಟು ಹಾಕಿದ್ದು ನಡೆಯಿತು. ಶಾಲೆಯಿಂದ ಬಂದು ಬ್ಯಾಗು ಇಳಿಸಿದ ಕೂಡಲೇ, ತಟ್ಟೆ ಕೈಗೆತ್ತಿಕೊಳ್ಳುವ ಮೊದಲು, ಮೂಗು ಸೀಟಿದ ಮೇಲೆ, ಶೌಚಾಲಯದಿಂದ ಬಂದ ಮೇಲೆ. ನಿಮ್ಮ ಮನೆಯಲ್ಲಿ ಇದಕ್ಕೆ ಇನ್ನೊಂದು ಸೇರಿಸಿ: ಹೊರಗಿನಿಂದ ಬಂದವರು ಕೂಸನ್ನು ಎತ್ತಿಕೊಳ್ಳುವ ಮೊದಲು.

ತೊಳೆಯುವುದು ಹೇಗೆ ಅನ್ನುವುದನ್ನು ನಾನೇ ತಪ್ಪು ತಿಳಿದಿದ್ದೆ. ಸೋಪು ಎಲ್ಲ ರೋಗಾಣುವನ್ನೂ ಕೊಲ್ಲುತ್ತದೆ, ಸವರಿದರೆ ಸಾಕು ಅಂದುಕೊಂಡಿದ್ದೆ. ಫ್ಲೂ, ಕೊರೋನಾ ವೈರಸ್‌ಗಳಿಗೆ ಕೊಬ್ಬಿನ ಹೊದಿಕೆ ಇದೆ, ಸೋಪು ಅದನ್ನು ಹರಿಯುತ್ತದೆ ನಿಜ. ಆದರೆ ನೆಗಡಿಯ ರೈನೋವೈರಸ್‌ಗೆ ಆ ಹೊದಿಕೆಯೇ ಇಲ್ಲ. ಅದು ಹೋಗಬೇಕಾದರೆ ಚರ್ಮದಿಂದ ಎದ್ದು ನೀರಿನ ಜೊತೆ ಹರಿದು ಹೋಗಬೇಕು. ಹಾಗಾಗಿ ಉಜ್ಜುವುದು, ಆಮೇಲೆ ಹರಿಯುವ ನೀರಲ್ಲಿ ತೊಳೆಯುವುದು, ಇವೆರಡೇ ಮುಖ್ಯ. ಅಂಗೈ, ಅಂಗೈಯ ಹಿಂಭಾಗ, ಬೆರಳ ಸಂದಿ, ಹೆಬ್ಬೆರಳ ಸುತ್ತ, ಉಗುರಿನ ತುದಿಯನ್ನು ಇನ್ನೊಂದು ಅಂಗೈಯಲ್ಲಿ ಗೀರುವುದು. ಎಲ್ಲ ಸೇರಿ ಕಡಿಮೆಯೆಂದರೆ 20 ಸೆಕೆಂಡ್. ನಮ್ಮ ಮಕ್ಕಳಿಗೆ ಸೆಕೆಂಡ್ ಲೆಕ್ಕ ಬೇಡ ಅಂತ ಏಳರ ಮಗ್ಗಿ ಹೇಳಿಸಿದೆ. "ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು" ಅಂತ ಹತ್ತರವರೆಗೆ ಓಡದೆ ಹೇಳಿದರೆ ಆ ಹೊತ್ತು ತುಂಬುತ್ತದೆ. ಮಾರ್ಚ್ ಹೊತ್ತಿಗೆ ಐದನೇ ಕ್ಲಾಸಿನವರಿಗೆಲ್ಲ ಏಳರ ಮಗ್ಗಿ ಬಾಯಿಗೆ ಬಂದಿತ್ತು, ಆಮೇಲೆ ಎಂಟಕ್ಕೆ ಹೋದೆವು.

ತಣ್ಣೀರು ದೊಡ್ಡ ತೊಡಕು. ಬೆಳಿಗ್ಗೆ ಆರೂವರೆಗೆ ನಲ್ಲಿಯ ನೀರು ಮೂಳೆ ಕೊರೆಯುತ್ತದೆ. ಮಕ್ಕಳು ಬೆರಳ ತುದಿ ಅದ್ದಿ ಓಡುತ್ತಾರೆ. ಕೈ ಶುಚಿಯಾಗಲು ಬಿಸಿನೀರೇ ಬೇಕೆಂದಿಲ್ಲ, ತಣ್ಣೀರಿನಲ್ಲೂ ಅಷ್ಟೇ ಶುಚಿಯಾಗುತ್ತದೆ. ಆದರೆ ಬೆಚ್ಚಗಿದ್ದರೆ ಮಕ್ಕಳು ನಿಂತು ತೊಳೆಯುತ್ತಾರೆ. ಬಚ್ಚಲ ಹಂಡೆಯಿಂದ ನಾಲ್ಕು ಚೊಂಬು ಬಿಸಿನೀರು ಬೆರೆಸಿ, ನಲ್ಲಿ ಕೂರಿಸಿದ ಒಂದು ಪ್ಲಾಸ್ಟಿಕ್ ಡ್ರಮ್ಮನ್ನು ಊಟದ ಹಾಲಿನ ಮುಂದೆ ಸ್ಟೂಲಿನ ಮೇಲೆ ಇಡಿಸಿದೆ. ಅಡುಗೆ ಅಕ್ಕ ಮೊದಲು ಗೊಣಗಿದರು, ಸೌದೆ ದಂಡ ಅಂತ. ಒಂದು ವಾರ ಕಳೆದ ಮೇಲೆ ನಾನು ಮರೆತರೂ ಅವರೇ ತುಂಬಿಸಿ ಇಡುತ್ತಿದ್ದರು.

ಸೋಪಿನದು ಇನ್ನೊಂದು ಗೋಳು. ಇಟ್ಟ ಸೋಪು ಎರಡು ದಿನಕ್ಕೆ ನೀರಲ್ಲಿ ಕರಗಿ ಲೋಳೆ, ಇಲ್ಲವೇ ಜಾರಿ ಚರಂಡಿಗೆ. ಸೋಪನ್ನು ನಾಲ್ಕು ಹೋಳು ಮಾಡಿ, ಈರುಳ್ಳಿ ಬರುವ ಬಲೆ ಚೀಲವನ್ನು ಕತ್ತರಿಸಿ ಅದರೊಳಗೆ ಹೋಳು ಹಾಕಿ, ಬಾಯಿ ಕಟ್ಟಿ, ಪ್ರತಿ ನಲ್ಲಿಗೂ ಹುರಿಯಲ್ಲಿ ನೇತುಹಾಕಿದೆವು. ನೀರು ಬಸಿದು ಹೋಗುತ್ತದೆ, ಸೋಪು ಗಟ್ಟಿಯಾಗಿರುತ್ತದೆ, ಬಲೆಯಿಂದ ನೊರೆಯೂ ಚೆನ್ನಾಗಿ ಬರುತ್ತದೆ. ಯಾವ ಸೋಪಾದರೂ ಸರಿ. "ಕ್ರಿಮಿನಾಶಕ" ಅಂತ ಬರೆದ ದುಬಾರಿ ಸೋಪು ಮನೆ ಬಳಕೆಗೆ ಬೇಕಿಲ್ಲ. ಸೋಪು ಹಚ್ಚಿದ ಕೈಯಲ್ಲೇ ನಲ್ಲಿಯ ತಿರುಪನ್ನೂ ಒಮ್ಮೆ ಉಜ್ಜಿ ನೀರು ಚಿಮುಕಿಸಿ ಅಂತ ಕಲಿಸಿದೆ. ಕೊಳಕು ಕೈಯಲ್ಲಿ ತೆಗೆದ ನಲ್ಲಿಯನ್ನು ತೊಳೆದ ಕೈಯಲ್ಲಿ ಮುಚ್ಚುತ್ತೇವಲ್ಲ, ಆ ಒಂದು ಜಾಗ ಯಾರಿಗೂ ಹೊಳೆಯುವುದಿಲ್ಲ.

ಸ್ಯಾನಿಟೈಸರ್ ಬಸ್ಸಿಗೆ, ಜಾತ್ರೆಗೆ, ನೀರು ಸಿಗದ ಕಡೆಗೆ. ಆಲ್ಕೋಹಾಲ್ 60 ಶೇಕಡಕ್ಕಿಂತ ಹೆಚ್ಚಿದೆಯೇ ಅಂತ ಬಾಟಲಿಯ ಮೇಲೆ ನೋಡಿ ಕೊಳ್ಳಿ. ಸಿಂಬಳ, ಮಣ್ಣು ಮೆತ್ತಿದ ಕೈಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಅಲ್ಲಿ ನೀರು, ಸೋಪೇ ಆಗಬೇಕು.

ಇನ್ನು ಟವಲು. ಹಳೆಯ ಕಾಟನ್ ಸೀರೆ, ಪಂಚೆ ಕೇಳಿ ತಂದು ಮೊಳದುದ್ದದ ತುಂಡು ಮಾಡಿದೆವು. ಒಬ್ಬೊಬ್ಬಳಿಗೆ ಎರಡೆರಡು. ಮೂಲೆಯಲ್ಲಿ ಬಣ್ಣದ ದಾರದಲ್ಲಿ ಅವಳ ಹಾಜರಿ ನಂಬರು. ಹೊಲಿದದ್ದು ಮಕ್ಕಳೇ, ಒಂದು ಭಾನುವಾರ ಜಗುಲಿಯಲ್ಲಿ ಕೂತು. ಒಂದು ಬಳಕೆಯಲ್ಲಿದ್ದರೆ ಇನ್ನೊಂದು ಒಗೆದು ತಂತಿಯ ಮೇಲೆ. ಒದ್ದೆ ಬಟ್ಟೆಗೆ ಕೈ ಒರೆಸುವುದಕ್ಕಿಂತ ಗಾಳಿಗೆ ಒಣಗಲು ಬಿಡುವುದು ವಾಸಿ, ಯಾಕೆಂದರೆ ಒದ್ದೆ ಕೈಗೆ ರೋಗಾಣು ಬೇಗ ಅಂಟುತ್ತದೆ. ಬಿಸಿಲೇ ಬರದ ದಿನ ಬಚ್ಚಲೊಲೆಯ ಪಕ್ಕದ ಗೋಡೆಗೆ ಹಗ್ಗ ಕಟ್ಟಿ ಒಣಗಿಸಿದ್ದೇವೆ. ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ಕು ಬಣ್ಣದ ಬಟ್ಟೆ ಸಾಕು. ವಾಷ್ ಬೇಸಿನ್ ಪಕ್ಕದ ಒಂದೇ ಟವಲನ್ನು ಮಾತ್ರ ತೆಗೆದುಬಿಡಿ. ಈ ಬರಹದಲ್ಲಿ ನೀವು ಒಂದನ್ನೇ ಮಾಡುವವರಾದರೆ ಇದನ್ನು ಮಾಡಿ.

ವೇಲು, ಸ್ವೆಟರ್ ತೋಳು, ವ್ಯಾಸಲೀನ್ ಡಬ್ಬಿ

ಟವಲು ಹೋದ ಮೇಲೆ ಮಕ್ಕಳ ಮೂಗು ಎಲ್ಲಿಗೆ ಹೋಯಿತು? ಸ್ವೆಟರಿನ ತೋಳಿಗೆ. ನವೆಂಬರಿನಲ್ಲಿ ಹಾಕಿದ ಸ್ವೆಟರು ಶಿವರಾತ್ರಿವರೆಗೂ ಒಗೆಯದೆ ಉಳಿದದ್ದು ನಾನೇ ನೋಡಿದ್ದೇನೆ, ತೋಳಿನ ತುದಿ ಗೊಣ್ಣೆ ಒಣಗಿ ಗರಿಗರಿ. ದೊಡ್ಡ ಹುಡುಗಿಯರು ಚೂಡಿದಾರದ ವೇಲಿನ ಒಂದೇ ತುದಿಯಲ್ಲಿ ಮೂಗನ್ನೂ ಒರೆಸಿ ತಟ್ಟೆಯನ್ನೂ ಒರೆಸುತ್ತಿದ್ದರು. ಸ್ವೆಟರ್ ಶನಿವಾರ ಮಧ್ಯಾಹ್ನ ಒಗೆಯಲೇಬೇಕು ಅಂತ ಮಾಡಿದೆ. ಭಾನುವಾರ ರಜೆ, ಒಣಗಲು ಒಂದು ದಿನ ಸಿಗುತ್ತದೆ. ಹಾಗೆಯೇ ನೆಗಡಿಯಾದವಳಿಗೆ ಹಳೆ ಬಟ್ಟೆಯ ಕೈಯಗಲದ ಚೂರುಗಳ ಒಂದು ಕಟ್ಟು. ಒಂದು ಸಲ ಮೂಗು ಸೀಟಿದರೆ ಮುಚ್ಚಳ ಇರುವ ಬಕೆಟ್ಟಿಗೆ. ಸಂಜೆ ಅದೆಲ್ಲ ಕುದಿಯುವ ನೀರಿಗೆ, ಸೋಪಿಗೆ. ಟಿಶ್ಯೂ ಕೊಳ್ಳುವ ಶಕ್ತಿ ಇದ್ದರೆ ಇನ್ನೂ ಸುಲಭ. ಸೀಟುವಾಗ ಒಂದು ಹೊಳ್ಳೆ ಒತ್ತಿ ಇನ್ನೊಂದರಿಂದ ಮೆಲ್ಲಗೆ. ಎರಡನ್ನೂ ಒಟ್ಟಿಗೆ ಜೋರಾಗಿ ಸೀಟಿದರೆ ಒತ್ತಡಕ್ಕೆ ಕಿವಿ ನೋಯುತ್ತದೆ.

ಸೀನು, ಕೆಮ್ಮು ಬಂದರೆ ಅಂಗೈ ಅಡ್ಡ ಹಿಡಿಯಬಾರದು, ಮೊಣಕೈ ಮಡಿಕೆಗೆ ಮುಖ ಒತ್ತಬೇಕು. ಅಂಗೈಗೆ ಸೀನಿದರೆ ಆ ಕೈ ಮುಂದಿನ ನಿಮಿಷದಲ್ಲಿ ಬಾಗಿಲ ಚಿಲಕ ಹಿಡಿದಿರುತ್ತದೆ.

ನನಗೆ ಎಲ್ಲಕ್ಕಿಂತ ತಡವಾಗಿ ಕಂಡದ್ದು ವ್ಯಾಸಲೀನ್ ಡಬ್ಬಿ. ಚಳಿಗೆ ತುಟಿ ಒಡೆಯುತ್ತದೆ. ಇಪ್ಪತ್ತು ಮಂಚದ ಕೋಣೆಗೆ ಒಂದು ಡಬ್ಬಿ, ಎಲ್ಲರ ಬೆರಳೂ ಅದರೊಳಗೆ, ತುಟಿಗೆ, ಮೂಗಿನ ಅಂಚಿಗೆ, ಮತ್ತೆ ಡಬ್ಬಿಗೆ. ಅದರ ಬದಲು ಕೊಬ್ಬರಿ ಎಣ್ಣೆ ಬಾಟಲಿಯಿಂದ ಅಂಗೈಗೆ ನಾಲ್ಕು ಹನಿ ಸುರಿದುಕೊಳ್ಳುವ ಕ್ರಮ ಮಾಡಿದೆ. ಹಲ್ಲುಜ್ಜುವ ಬ್ರಷ್‌ಗಳೂ ಹಾಗೇ, ಒಂದೇ ಮಗ್ಗಿನಲ್ಲಿ ತಲೆಗೆ ತಲೆ ತಾಗಿಸಿ ನಿಂತಿದ್ದವು. ಡಬ್ಬಿಯ ಮುಚ್ಚಳಕ್ಕೆ ದೂರ ದೂರ ತೂತು ಕೊರೆದು ನಿಲ್ಲಿಸಿದರೆ ಮುಗಿಯಿತು.

ನೀರಿನ ಬಾಟಲಿ ವಿಷಯದಲ್ಲಿ ನಮ್ಮ ಹಿರಿಯರ ಪದ್ಧತಿಯೇ ಚೆಂದ: ಎತ್ತಿ ಕುಡಿಯುವುದು. ಎಂಜಲು ಅನ್ನುವ ಒಂದು ಮಾತು ನಮ್ಮಲ್ಲಿ ಇರುವುದರಿಂದ ಮಕ್ಕಳಿಗೆ ವಿವರಿಸುವ ಕಷ್ಟ ಇರಲಿಲ್ಲ. ನೆಗಡಿಯ ವೈರಸ್ ಹೆಚ್ಚಾಗಿ ಸಿಂಬಳದಲ್ಲಿರುತ್ತದೆ, ಎಂಜಲಿನಲ್ಲಿ ಕಡಿಮೆ. ಆದರೂ ಗಂಟಲು ನೋವಿನ ರೋಗಾಣುಗಳು ಎಂಜಲಿನಲ್ಲಿ ದಾಟುತ್ತವೆ, ಹಾಗಾಗಿ ಬಾಟಲಿ, ಚಮಚ, ಅರ್ಧ ಕಚ್ಚಿದ ಚಾಕಲೇಟು ಹಂಚಿಕೊಳ್ಳುವುದು ಬೇಡ.

ಕಿಟಕಿ ಮತ್ತು ನಿದ್ದೆ

ಕಿಟಕಿ ತೆಗೆಸುವುದಕ್ಕೆ ನಾನು ಪೋಷಕರ ಜೊತೆ ವಾದ ಮಾಡಬೇಕಾಯಿತು. "ಮಂಜು ಒಳಗೆ ಬಂದ್ರೆ ಮಕ್ಳಿಗೆ ಶೀತ ಆಗಲ್ವೇನ್ರೀ ಮೇಡಂ?" ಅಂತ ಕೇಳಿದರು. ಮಂಜಿನಲ್ಲಿ ವೈರಸ್ ಇಲ್ಲ. ಮುಚ್ಚಿದ ಕೋಣೆಯ ಬಿಸಿ ಉಸಿರಿನಲ್ಲಿ ಇದೆ. ಮೇಲಿನ ವೆಂಟಿಲೇಟರು ರಾತ್ರಿ ಹಗಲೂ ತೆರೆದೇ ಇರಲಿ. ಓದುವ ಹೊತ್ತಲ್ಲಿ ಎದುರುಬದುರು ಎರಡು ಕಿಟಕಿ ಒಂದು ಗೇಣು ತೆರೆದರೆ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತದೆ. ಬೆಳಿಗ್ಗೆ ಎದ್ದು ಹಾಸಿಗೆ ಮಡಿಸುವಾಗ ಎಲ್ಲ ಕಿಟಕಿಯೂ ಕಾಲು ಗಂಟೆ ಪೂರ್ತಿ ತೆರೆದಿರಲಿ. ಚಳಿಯಾದರೆ ಇನ್ನೊಂದು ಕಂಬಳಿ ಹೊದೆಸಿ. ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚುವುದನ್ನೂ, ಬಚ್ಚಲೊಲೆಯ ಹೊಗೆ ಮಲಗುವ ಕೋಣೆಗೆ ಬರುವುದನ್ನೂ ನಿಲ್ಲಿಸಿ. ಹೊಗೆ ಕುಡಿದ ಗಂಟಲಿಗೆ ಸೋಂಕು ಬೇಗ ಹತ್ತುತ್ತದೆ.

ಮಂಚಗಳು ಹತ್ತಿರ ಹತ್ತಿರ ಇದ್ದರೆ ಒಬ್ಬಳ ತಲೆ ಇರುವ ಕಡೆ ಪಕ್ಕದವಳ ಕಾಲು ಬರುವಂತೆ ಮಲಗಿಸಿ. ಖರ್ಚಿಲ್ಲದ ಕೆಲಸ. ಉಸಿರಿನ ನಡುವೆ ನಾಲ್ಕೈದು ಅಡಿ ಅಂತರ ಬರುತ್ತದೆ.

ನಿದ್ದೆಯನ್ನು ಶುಚಿತ್ವದ ಜೊತೆ ಯಾಕೆ ಹೇಳುತ್ತೀರಿ ಅನ್ನಬಹುದು. ಅಮೆರಿಕದಲ್ಲಿ 164 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ಸನ್ನೇ ಹನಿ ಹಾಕಿ ನೋಡಿದ್ದರು. 2015ರಲ್ಲಿ ಅದರ ಫಲಿತಾಂಶ ಬಂತು. ಏಳು ಗಂಟೆಗಿಂತ ಹೆಚ್ಚು ನಿದ್ದೆ ಮಾಡುವವರಿಗೆ ಹೋಲಿಸಿದರೆ ಆರು ಗಂಟೆಗಿಂತ ಕಡಿಮೆ ಮಲಗುವವರಿಗೆ ನೆಗಡಿ ಹಿಡಿಯುವ ಸಂಭವ ನಾಲ್ಕು ಪಟ್ಟಿಗಿಂತ ಹೆಚ್ಚಿತ್ತು. ನಮ್ಮ ಹತ್ತನೇ ಕ್ಲಾಸಿನವರು ಪ್ರಿಪರೇಟರಿ ಅಂತ ರಾತ್ರಿ ಹನ್ನೆರಡೂವರೆವರೆಗೆ ಕೂತು ಬೆಳಿಗ್ಗೆ ಐದಕ್ಕೆ ಏಳುತ್ತಿದ್ದರು. ನೆಗಡಿ ಹಿಡಿದು ಮೊದಲು ಹಾಸಿಗೆ ಹಿಡಿಯುವವರೂ ಅವರೇ ಆಗಿದ್ದರು. ಹತ್ತು ಗಂಟೆಗೆ ದೀಪ ಆರಿಸಿಬಿಡುವುದು ನನ್ನ ಅತ್ಯಂತ ಅಪ್ರಿಯ ನಿಯಮವಾಗಿತ್ತು, ನಾನು ಬಿಡಲಿಲ್ಲ.

ನೆಗಡಿಯಾದ ಮಗುವಿಗೆ ಮೊದಲ ಮೂರು ದಿನ ಮಾಸ್ಕ್, ಕಿಟಕಿ ಪಕ್ಕದ ಜಾಗ, ಬೇರೆ ಲೋಟ. ಇದನ್ನು ಶಿಕ್ಷೆಯ ಹಾಗೆ ಮಾಡಬೇಡಿ. "ಮುಟ್ಟಬೇಡ, ಆಚೆ ಕೂತ್ಕೋ" ಅನ್ನಿಸಿಕೊಂಡ ಮಗು ಮುಂದಿನ ಸಲ ಗಂಟಲು ನೋವನ್ನು ಬಚ್ಚಿಡುತ್ತದೆ. ಗಂಟಲು ನೋವಿಗೆ ಸರಿಯಾಗಿ ಗಮನ ಕೊಡದಿದ್ದರೆ ಏನಾಗಬಹುದು ಅನ್ನುವುದನ್ನು ಮುಂದೆ ಹೇಳುತ್ತೇನೆ.

ತಿನ್ನುವುದು, ಕುಡಿಯುವುದು, ಕೊಡಬಾರದ್ದು

ಮೊಸರು, ಬಾಳೆಹಣ್ಣು ನೆಗಡಿ ತರುವುದಿಲ್ಲ. ನಾನು ಮಜ್ಜಿಗೆಯನ್ನು ಮತ್ತೆ ಶುರು ಮಾಡಿದೆ. ಶುಂಠಿ, ಕಾಳುಮೆಣಸು, ಜೀರಿಗೆ, ಬೆಲ್ಲದ ಕಷಾಯ, ಬಿಸಿ ಮೆಣಸಿನ ಸಾರು ಗಂಟಲಿಗೆ ಹಿತ, ಮಕ್ಕಳಿಗೆ ಯಾರೋ ನೋಡಿಕೊಳ್ಳುತ್ತಿದ್ದಾರೆ ಅನ್ನುವ ಸಮಾಧಾನ. ಆದರೆ ಅದು ಕೈ ತೊಳೆಯುವುದಕ್ಕೆ ಬದಲಿಯಲ್ಲ. ಜೇನುತುಪ್ಪ ಕೆಮ್ಮಿಗೆ ಒಳ್ಳೆಯದು, ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಒಂದು ಹನಿಯೂ ಬೇಡ. ಅದರಿಂದ ಬೊಟುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ಬರಬಹುದು. ಎಳೆ ಕೂಸಿನ ಎದೆಗೆ, ಮೂಗಿಗೆ ಕರ್ಪೂರ ಬೆರೆಸಿದ ಎಣ್ಣೆ ಹಚ್ಚಬೇಡಿ, ಕರ್ಪೂರದ ವಿಷಕ್ಕೆ ಫಿಟ್ಸ್ ಬರುವುದುಂಟು. ಕುದಿಯುವ ಪಾತ್ರೆಯ ಮೇಲೆ ಮಗುವನ್ನು ಬಗ್ಗಿಸಿ ಹಬೆ ಕೊಡಬೇಡಿ, ಪಾತ್ರೆ ಮಗುಚಿ ಸುಟ್ಟುಕೊಂಡ ಮಕ್ಕಳು ಬಹಳ.

ಕೆಮ್ಮಿನ ಸಿರಪ್ಪನ್ನು ಅಂಗಡಿಯಿಂದ ನೀವೇ ತಂದು ಚಿಕ್ಕ ಮಕ್ಕಳಿಗೆ ಕುಡಿಸಬೇಡಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತದ್ದು ನೆನಪಿರಬಹುದು. ಆಗ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧಿ ಕೊಡಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಅಂತ ಸೂಚನೆ ಹೊರಡಿಸಿತು.

ಮನೆಯಲ್ಲಿ ವಯಸ್ಸಾದವರಿದ್ದರೆ, ಸಕ್ಕರೆ ಕಾಯಿಲೆ, ಉಬ್ಬಸ ಇರುವವರಿದ್ದರೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸುವ ಬಗ್ಗೆ ಡಾಕ್ಟರನ್ನು ಕೇಳಿ. ಫ್ಲೂ ನೆಗಡಿಯಲ್ಲ, ಇದ್ದಕ್ಕಿದ್ದ ಹಾಗೆ ಜ್ವರ ಏರಿ ಮೈಕೈ ಮುರಿದು ಹಾಕುತ್ತದೆ. 2023ರಲ್ಲಿ ಎಚ್3ಎನ್2 ಫ್ಲೂಗೆ ನಮ್ಮ ಹಾಸನ ಜಿಲ್ಲೆಯಲ್ಲೇ ಸಾವಾಗಿತ್ತು.

ಗಂಟಲು

ಗಂಟಲಿಗೆ ದಿನಾ ಮಾಡುವ ಕೆಲಸ ಬಾಯಿ ಮುಕ್ಕಳಿಸಿ ಗಳಗಳ ಅನ್ನಿಸುವುದು. ಜಪಾನಿನಲ್ಲಿ ಹೊರಗಿನಿಂದ ಬಂದ ಕೂಡಲೇ ಇದನ್ನು ಮಾಡುವ ರೂಢಿ ಇದೆ. ಅಲ್ಲಿ 387 ಜನರ ಮೇಲೆ ಒಂದು ಚಳಿಗಾಲ ಪರೀಕ್ಷಿಸಿದಾಗ ದಿನಕ್ಕೆ ಮೂರು ಸಲ ಬರೀ ನೀರಿನಲ್ಲಿ ಗಂಟಲು ಮುಕ್ಕಳಿಸಿದವರಿಗೆ ನೆಗಡಿ, ಗಂಟಲು ನೋವು 36 ಶೇಕಡ ಕಡಿಮೆಯಾಗಿತ್ತು. ಅಯೋಡಿನ್ ಔಷಧಿಯಲ್ಲಿ ಮುಕ್ಕಳಿಸಿದವರಿಗೆ ಆ ಲಾಭ ಕಾಣಲಿಲ್ಲ. ಒಂದೇ ಪರೀಕ್ಷೆಯ ಮಾತು, ಆದರೆ ಖರ್ಚೂ ಇಲ್ಲ, ತೊಂದರೆಯೂ ಇಲ್ಲ. ಹಾಗಾಗಿ ಬೆಳಿಗ್ಗೆ, ಶಾಲೆಯಿಂದ ಬಂದಾಗ, ಮಲಗುವ ಮುಂಚೆ ಮಾಡಿಸುತ್ತಿದ್ದೆ. ಈಗಾಗಲೇ ನೋಯುತ್ತಿದ್ದರೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು. ಉಗುಳಲು ಬಾರದ ಚಿಕ್ಕವರಿಗೆ ಬೇಡ.

ಚಳಿಯಲ್ಲಿ ಹುಡುಗಿಯರು ನೀರೇ ಕುಡಿಯುವುದಿಲ್ಲ. ರಾತ್ರಿ ಕತ್ತಲಲ್ಲಿ ಹೊರಗಿನ ಶೌಚಾಲಯಕ್ಕೆ ಹೋಗಬೇಕಲ್ಲ ಅನ್ನುವ ಹೆದರಿಕೆ. ಒಣಗಿದ ಗಂಟಲು ಬೇಗ ಕೆರೆಯುತ್ತದೆ. ಆ ದಾರಿಗೆ ಒಂದು ಬಲ್ಬ್ ಹಾಕಿಸಿದ್ದು, ಓದುವ ಕೋಣೆಯಲ್ಲಿ ಬಿಸಿನೀರ ಫ್ಲಾಸ್ಕ್ ಇಟ್ಟದ್ದು ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು ಅಂದುಕೊಂಡಿದ್ದೇನೆ.

ಇನ್ನು ಹೇಳಬೇಕಾದ್ದು ಒಬ್ಬ ಏಳನೇ ಕ್ಲಾಸಿನ ಹುಡುಗಿಯದು. ನನ್ನ ಐದನೇ ವರ್ಷ, ಜನವರಿ. "ಮಿಸ್, ನುಂಗಕ್ಕೆ ಆಗ್ತಿಲ್ಲ" ಅಂದಳು. ಮೈ ಬಿಸಿಯಿತ್ತು. ಕೆಮ್ಮಿಲ್ಲ, ನೆಗಡಿಯಿಲ್ಲ. ಉಪ್ಪುನೀರು, ಕಷಾಯ, ಜ್ವರಕ್ಕೆ ಮಾತ್ರೆ ಕೊಟ್ಟೆ. ಐದು ದಿನಕ್ಕೆ ಎದ್ದು ಶಾಲೆಗೆ ಹೋದಳು. ನಾನು ಮರೆತೆ. ಮೂರು ವಾರ ಕಳೆದು ಅವಳ ಮಂಡಿ ಊದಿತು. ಆಟದಲ್ಲಿ ಬಿದ್ದಿರಬೇಕು ಅಂದುಕೊಂಡೆವು. ಎರಡು ದಿನಕ್ಕೆ ಮಂಡಿ ಇಳಿದು ಇನ್ನೊಂದು ಕಾಲಿನ ಹರಡು ಊದಿತು. ಮೆಟ್ಟಿಲು ಹತ್ತಿದರೆ ಏದುಸಿರು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ರುಮ್ಯಾಟಿಕ್ ಫೀವರ್, ಹೃದಯದ ಒಂದು ಕವಾಟಕ್ಕೆ ಪೆಟ್ಟಾಗಿದೆ ಅಂದರು.

ಹೆಚ್ಚಿನ ಗಂಟಲು ನೋವು ವೈರಸ್ಸಿನದು, ತಾನಾಗಿ ಹೋಗುತ್ತದೆ, ಆ್ಯಂಟಿಬಯಾಟಿಕ್ ಬೇಕಿಲ್ಲ. ಆದರೆ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ಗಂಟಲು ನೋವು ಬೇರೆ. 5ರಿಂದ 15 ವರ್ಷದವರಿಗೆ ಅದು ಹೆಚ್ಚು. ನೋವು ಹೋದ ಎರಡು ಮೂರು ವಾರಕ್ಕೆ, ಆ ಬ್ಯಾಕ್ಟೀರಿಯಾದ ಮೇಲೆ ಎದ್ದ ಮೈಯ ರಕ್ಷಣಾ ಶಕ್ತಿಯೇ ಕೆಲವು ಮಕ್ಕಳಲ್ಲಿ ಕೀಲಿನ ಮೇಲೆ, ಹೃದಯದ ಮೇಲೆ ತಿರುಗುತ್ತದೆ. ಡಾಕ್ಟರು ಕೊಡುವ ಪೆನ್ಸಿಲಿನ್ ಜಾತಿಯ ಔಷಧಿಯನ್ನು ಹತ್ತು ದಿನ ಪೂರ್ತಿ ತೆಗೆದುಕೊಂಡರೆ ಈ ರುಮ್ಯಾಟಿಕ್ ಫೀವರ್ ಬಹುಮಟ್ಟಿಗೆ ತಪ್ಪುತ್ತದೆ. ನೋವು ಶುರುವಾದ ಒಂಬತ್ತು ದಿನದೊಳಗೆ ಔಷಧಿ ಶುರು ಮಾಡಿದರೂ ತಡೆಯಬಹುದು ಅಂತ ಆ ಆಸ್ಪತ್ರೆಯ ಡಾಕ್ಟರು ಹೇಳಿದರು. ಒಂಬತ್ತು ದಿನ. ನನ್ನ ಕೈಯಲ್ಲಿ ಅಷ್ಟು ಸಮಯ ಇತ್ತು.

ಆ ಹುಡುಗಿ ಈಗ ಕೆಲಸದಲ್ಲಿದ್ದಾಳೆ. ಇಷ್ಟು ವರ್ಷ 21 ದಿನಕ್ಕೊಮ್ಮೆ ಸೊಂಟಕ್ಕೆ ಆ ನೋವಿನ ಪೆನ್ಸಿಲಿನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಾ ಬಂದಿದ್ದಾಳೆ.

ಅದಾದ ಮೇಲೆ ನಾನು ಒಂದು ಟಾರ್ಚು, ಒಂದು ನೋಟ್‌ಬುಕ್ಕು ಇಟ್ಟುಕೊಂಡೆ. ನೀವೂ ಇಟ್ಟುಕೊಳ್ಳಿ. ಗಂಟಲು ನೋವು ಅಂದ ಮಗುವನ್ನು ಬೆಳಕಿಗೆ ಕೂರಿಸಿ, ಅವಳದೇ ಚಮಚದ ಹಿಡಿಯಿಂದ ನಾಲಿಗೆ ಒತ್ತಿ "ಆ" ಅನ್ನಿಸಿ. ಜ್ವರ ಇದ್ದು, ಕೆಮ್ಮು ನೆಗಡಿ ಇಲ್ಲದೆ, ಟಾನ್ಸಿಲ್ ಕೆಂಪಗೆ ಊದಿ ಬಿಳಿ ಚುಕ್ಕೆ ಕಂಡರೆ, ದವಡೆಯ ಕೆಳಗೆ ಮುಟ್ಟಿದರೆ ನೋಯುವ ಗಂಟು ಸಿಕ್ಕರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಇವೆಲ್ಲ ಒಟ್ಟಿಗೆ ಇರಲೇಬೇಕು ಅಂತಿಲ್ಲ. ಜ್ವರದ ಜೊತೆ ನುಂಗಲು ಆಗದಿದ್ದರೂ ತೋರಿಸಿ. ಬೂದು ಬಣ್ಣದ ಪೊರೆ ಅಂಟಿಕೊಂಡ ಹಾಗೆ ಕಂಡರೆ ಅದು ಗಂಟಲಮಾರಿ (ಡಿಫ್ತೀರಿಯಾ) ಇರಬಹುದು, ಒಂದು ಗಂಟೆಯೂ ಕಾಯಬೇಡಿ. ಅದಕ್ಕೆ ತಡೆಯಾಗಿ ಹತ್ತನೇ ಮತ್ತು ಹದಿನಾರನೇ ವಯಸ್ಸಿಗೆ ಸರ್ಕಾರದಿಂದಲೇ ಹಾಕುವ ಟಿಡಿ ಲಸಿಕೆಯನ್ನು ತಪ್ಪಿಸಬೇಡಿ. ಜೊಲ್ಲು ನುಂಗಲಾರದೆ ಸುರಿಸುತ್ತಿದ್ದರೆ, ಉಸಿರಿಗೆ ಕಷ್ಟವಾದರೆ, ಬಾಯಿ ತೆರೆಯಲು ಆಗದಿದ್ದರೆ ಟಾರ್ಚು ಹಾಕಿ ನೋಡುತ್ತಾ ಕೂರದೆ ಸೀದಾ ಆಸ್ಪತ್ರೆಗೆ. ಡಾಕ್ಟರು ಹತ್ತು ದಿನದ ಔಷಧಿ ಬರೆದರೆ ಮೂರನೇ ದಿನ ನೋವು ಹೋಯಿತೆಂದು ನಿಲ್ಲಿಸಬೇಡಿ. ನೆಗಡಿ, ಕೆಮ್ಮಿನ ಜೊತೆ ಬಂದ ಗಂಟಲು ಕೆರೆತಕ್ಕೆ ಅವರು ಆ್ಯಂಟಿಬಯಾಟಿಕ್ ಬರೆಯದಿದ್ದರೆ ಒತ್ತಾಯಿಸಿ ಬರೆಸಿಕೊಳ್ಳಲೂ ಬೇಡಿ.

ನೋಟ್‌ಬುಕ್ಕಿನಲ್ಲಿ ಐದು ಕಲಂ ಗೆರೆ ಹಾಕಿಕೊಳ್ಳಿ. ಮಗುವಿನ ಹೆಸರು. ಗಂಟಲು ನೋವು ಶುರುವಾದ ತಾರೀಖು. ಜ್ವರ ಇದೆಯೇ, ಕೆಮ್ಮು ಇದೆಯೇ. ಡಾಕ್ಟರಿಗೆ ತೋರಿಸಿದ ದಿನ, ಔಷಧಿ ಮುಗಿಯುವ ದಿನ. ಕೊನೆಯ ಕಲಂಗೆ ಮೂರು ವಾರ ಮುಂದಿನ ತಾರೀಖನ್ನು ಅವತ್ತೇ ಬರೆದಿಡಿ. ಆ ದಿನ ಬಂದಾಗ ಮಗುವನ್ನು ಕರೆದು ಎರಡು ಮಂಡಿ, ಎರಡು ಹರಡು, ಎರಡು ಮೊಣಕೈ, ಎರಡು ಮಣಿಕಟ್ಟು ಮುಟ್ಟಿ ನೋಡಿ, ಎಲ್ಲಾದರೂ ನೋವಿದೆಯಾ, ಓಡಿದರೆ ಏದುಸಿರು ಬರುತ್ತಾ ಅಂತ ಕೇಳಿ.